ಎಂಜಿನ್ನಿಗೆ ಇಟ್ಟ ವಿಭೂತಿ

ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ, ಉಕ್ಕಲಿಲ್ಲ. ದೇವರ ಮನೆಯಲ್ಲಿ ವಿಭೂತಿ ಗಟ್ಟಿ ಹುಡುಕಿದೆ, ಸಿಗಲಿಲ್ಲ. ಡಬ್ಬದಿಂದ ಹೊಸದು ತೆಗೆದೆ. ತಿಂಡಿಗೆ ಅವಲಕ್ಕಿ. ಹುರುಳಿಕಾಳು ನೆನೆಹಾಕಿದೆ. ಎರಡು ಬಕೆಟ್ ಬಟ್ಟೆ ಒಗೆದು ಒಣಹಾಕಿದೆ. ಎಂಜಿನ್ ಒರೆಸಿದೆ.

ಮಾಡಿದ ಕೆಲಸವನ್ನು ಮಾಡಿದ ಹಾಗೆಯೇ ದಿನಚರಿಯಲ್ಲಿ ಬರೆದಿಡುವುದು ನನ್ನದೊಂದು ಚಾಳಿ. ಇದರಿಂದ ಯಾರಿಗೂ ಉಪಯೋಗವಿಲ್ಲ, ತೊಂದರೆಯೂ ಇಲ್ಲ ಎಂದುಕೊಂಡಿದ್ದೆ. ಆ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ‘ಎಂಜಿನ್ ಒರೆಸಿದೆ’ ಎಂದು ಬರೆಯುವಾಗಲೂ ನನಗೆ ‘ಕಿಟಕಿ ಒರೆಸಿದೆ’ ಎಂದು ಬರೆದಷ್ಟೇ ನೆಮ್ಮದಿ. ಸಂಜೆ ನಾಲ್ಕಕ್ಕೆ ಅದೇ ಸಾಲನ್ನು ಓದಿಕೊಂಡಾಗ ಮಾತ್ರ ಆ ನೆಮ್ಮದಿ ಹಾರಿಹೋಯಿತು.

ಎಂಜಿನ್ನು ನಮ್ಮದಾಗಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಅದು ನನ್ನ ಅಕ್ಕನ ಗಂಡ, ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಪೈಪು-ನಲ್ಲಿ ಅಂಗಡಿ ಇಟ್ಟುಕೊಂಡಿರುವ ಭಾವನ ಕಾರಿನದು. ಭಾನುವಾರ ಊಟಕ್ಕೆಂದು ಭದ್ರಾವತಿಗೆ ಬಂದವರು ಕೈತೊಳೆಯುತ್ತಾ ಗೊಣಗಿದ್ದರು. “ಟೈಮಿಂಗ್ ಬೆಲ್ಟ್ ಸವೆದುಹೋಗಿದೆ, ಬದಲಾಯಿಸ್ಬೇಕು ಅಂತಾನೆ ಗ್ಯಾರೇಜಿನವನು. ಒಂದು ವಾರ ಬಿಟ್ಟು ಬನ್ನಿ ಅಂತಾನೆ. ನಾನು ಮಂಗಳವಾರ ಬೆಳಿಗ್ಗೆ ಗಾಜನೂರಿಗೆ ಹೋಗ್ಲೇಬೇಕು ಮಾರಾಯ, ಮಗಳ ಸಂಬಂಧದ ಮಾತುಕತೆ.”

ನಮ್ಮ ಮನೆಯವರ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. “ಒಂದು ಬೆಲ್ಟಿಗೆ ಗ್ಯಾರೇಜಾ ಅಣ್ಣ? ಇಲ್ಲೇ ಬಿಟ್ಟು ಹೋಗಿ. ನಾಳೆ ಸಂಜೆ ಬಂದು ಓಡಿಸ್ಕೊಂಡು ಹೋಗಿ.”

“ಅದು ನಿಮ್ಮ ಕಾರ್ಖಾನೆ ಲೇತ್ ಅಲ್ಲ ಶೇಖರ, ಕಾರು!”

“ತಿರುಗೋದೆಲ್ಲಾ ಒಂದೇ ಅಣ್ಣ.”

ಆ ಹೊಳಪಿನ ಹಿಂದಿನ ಕತೆ ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು ಇವರು. ಎಲ್ಲರೂ ತೆಗೆದುಕೊಂಡರೆಂದು ಸ್ವಯಂ ನಿವೃತ್ತಿ ತೆಗೆದುಕೊಂಡು ಆಗ ಮೂರು ತಿಂಗಳು. ನ್ಯೂ ಟೌನಿನ ಕ್ವಾರ್ಟರ್ಸ್ ಬಿಟ್ಟುಕೊಡಲು ಇನ್ನೂ ಸಮಯವಿತ್ತು, ಕೈಗೆ ಮಾತ್ರ ಕೆಲಸವಿರಲಿಲ್ಲ. ಆ ಮೂರು ತಿಂಗಳಲ್ಲಿ ನಮ್ಮ ಮನೆಯಲ್ಲಿ ಬಿಗಿಯಾಗದೆ ಉಳಿದ ಸ್ಕ್ರೂ ಒಂದೂ ಇಲ್ಲ. ಕುಕ್ಕರಿನ ಹಿಡಿ, ಮಂಚದ ಕಾಲು, ಬಾಗಿಲ ಚಿಲಕ ಎಲ್ಲಾ ಆಯಿತು. ಕೊನೆಗೆ ಸಾಸಿವೆ ಡಬ್ಬದ ಮುಚ್ಚಳವನ್ನೂ ಎಷ್ಟು ಬಿಗಿದಿದ್ದರೆಂದರೆ, ಒಗ್ಗರಣೆಗೆ ಎಣ್ಣೆ ಕಾಯುತ್ತಿರುವಾಗ ನಾನು ಡಬ್ಬ ಹಿಡಿದುಕೊಂಡು ಅಂಗಳಕ್ಕೆ ಓಡಬೇಕಾಯಿತು. ಸಂಜೆಯ ಹೊತ್ತು ಸುಮ್ಮನೆ ತಮ್ಮ ಅಂಗೈ ನೋಡಿಕೊಂಡು ಕೂರುವುದು ಬೇರೆ. ಹಾಗಾಗಿ ಭಾವನ ಕಾರು ಅಂಗಳದಲ್ಲಿ ನಿಂತಾಗ ನನಗೂ ಹಾಯೆನಿಸಿತು. ಗಂಡಸಿಗೊಂದು ಕೆಲಸ, ನನ್ನ ಡಬ್ಬಗಳಿಗೆ ಬಿಡುಗಡೆ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಕಾರಿನ ಒಂದು ಪಕ್ಕವನ್ನು ಜಾಕಿನಿಂದ ಎತ್ತಿ, ಚಕ್ರ ಬಿಚ್ಚಿ, ಎಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದು ನನ್ನನ್ನು ಕರೆದರು. ಟೈಮಿಂಗ್ ಬೆಲ್ಟ್ ಎಂದರೆ ಏನೋ ಭಾರೀ ಕಬ್ಬಿಣದ ಪಟ್ಟಿ ಇರಬೇಕೆಂದುಕೊಂಡಿದ್ದೆ. ನೋಡಿದರೆ ರಬ್ಬರು! ನನ್ನ ಹೊಲಿಗೆ ಯಂತ್ರದ ಬೆಲ್ಟಿನ ದೊಡ್ಡಣ್ಣ, ಒಳಮೈಗೆ ಸಾಲಾಗಿ ಹಲ್ಲು, ಅಷ್ಟೇ. ಅದರಲ್ಲೂ ಮೂರು ಹಲ್ಲು ಉದುರಿದ್ದವು. ಇದನ್ನು ನಂಬಿ ನನ್ನ ಅಕ್ಕ, ಭಾವ, ಮಕ್ಕಳೆಲ್ಲಾ ಊರೂರು ತಿರುಗುತ್ತಿದ್ದರಲ್ಲ ಎಂದು ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ.

ಇವರು ಪಾಠ ಮಾಡಿದರು. ಮೇಲೊಂದು ಹಲ್ಲಿನ ಚಕ್ರ, ಕೆಳಗೊಂದು ಹಲ್ಲಿನ ಚಕ್ರ. ಕೆಳಗಿನದು ಪಿಸ್ಟನ್ನುಗಳನ್ನು ನೋಡಿಕೊಳ್ಳುತ್ತದೆ, ಮೇಲಿನದು ವಾಲ್ವುಗಳನ್ನು. ಪಿಸ್ಟನ್ನು ಮೇಲೆ ಬರುವಾಗ ವಾಲ್ವು ಬಾಗಿಲು ಹಾಕಿಕೊಂಡಿರಬೇಕು, ತೆರೆದಿದ್ದರೆ ಗುದ್ದಾಟ. ಎರಡರ ನಡುವೆ ಹೊಂದಾಣಿಕೆ ಕೆಡದಂತೆ ಹಿಡಿದಿಡುವುದು ಈ ರಬ್ಬರು ಪಟ್ಟಿ. ನನಗಂತೂ ಪಾಠ ಸಲೀಸಾಗಿ ತಲೆಗಿಳಿಯಿತು. ಒಬ್ಬರು ಬರುವಾಗ ಇನ್ನೊಬ್ಬರು ಜಾಗ ಬಿಡಬೇಕು ಎನ್ನುವುದು ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರಿಗೆ ಹೊಸ ವಿದ್ಯೆಯಲ್ಲ.

ಹಳೆ ಬೆಲ್ಟನ್ನು ಅಳತೆಗೆಂದು ಚೀಲಕ್ಕೆ ಹಾಕಿಕೊಂಡು ಇವರು ಹೊಸದು ತರಲು ಶಿವಮೊಗ್ಗದ ಬಸ್ಸು ಹತ್ತಿದರು. ಹೋಗುವಾಗ, “ಧೂಳು ಬೀಳದ ಹಾಗೆ ಏನಾದ್ರೂ ಮುಚ್ಚೇ” ಎಂದರು. ನಾನು ಒಗೆಯುವ ಕೆಲಸ ಮುಗಿಸಿ ಹಳೆಯ ಸೀರೆಯೊಂದನ್ನು ಹಿಡಿದು ಹೋದೆ. ಬೆಳಿಗ್ಗೆ ನನ್ನ ಕಣ್ಣೆಲ್ಲಾ ಬೆಲ್ಟಿನ ಮೇಲಿತ್ತು; ಈಗ ಬಗ್ಗಿ ನೋಡಿದರೆ ಮೇಲಿನ ಚಕ್ರದ ಮೇಲೆ ವಿಭೂತಿ! ಪಕ್ಕದ ಕಬ್ಬಿಣದ ಮೇಲೂ ಒಂದಿಷ್ಟು. ಅದಕ್ಕೆ ಗ್ರೀಸು ತಾಗಿ ಒಂದು ಕಡೆ ಕಪ್ಪಗಾಗಿತ್ತು.

ಆಯುಧಪೂಜೆ ಮುಗಿದು ಎರಡು ವಾರವೂ ಆಗಿರಲಿಲ್ಲ. ನಮ್ಮಲ್ಲಿ ಆ ದಿನ ಸುತ್ತಿಗೆ, ಸ್ಪಾನರ್, ಈಳಿಗೆಮಣೆ, ಹೊಲಿಗೆ ಯಂತ್ರ ಎಲ್ಲಕ್ಕೂ ವಿಭೂತಿ ಏರುತ್ತದೆ. ಭಾವನ ಕಡೆಯವರು ಭಕ್ತಿ ಹೆಚ್ಚಾಗಿ ಎಂಜಿನ್ನಿನ ಹೊಟ್ಟೆಯೊಳಗೂ ಹಚ್ಚಿ, ಹಾಗೇ ಬಿಟ್ಟಿದ್ದಾರೆಂದುಕೊಂಡೆ. ಹಳೆಯ ವಿಭೂತಿ ಗ್ರೀಸಿನಲ್ಲಿ ಕಲಸಿಕೊಂಡು ಬಿದ್ದಿರುವುದನ್ನು ನೋಡಿಕೊಂಡು, ಅದೂ ಸೋಮವಾರ, ನನ್ನಂಥವಳು ಸುಮ್ಮನಿರುವುದುಂಟೇ? ಒದ್ದೆ ಬಟ್ಟೆ ತಂದು ಚೊಕ್ಕವಾಗಿ ಒರೆಸಿದೆ. ಉಜ್ಜುವಾಗ ಚಕ್ರ ಕೊಂಚ ಮಿಸುಕಿತು. ಮಿಸುಕಲಿ, ಚಕ್ರವಲ್ಲವೇ. ಆಮೇಲೆ ಬರಿಹಣೆ ಬಿಡಬಾರದೆಂದು ಬೆಳಿಗ್ಗೆ ತೆಗೆದ ಹೊಸ ವಿಭೂತಿಯನ್ನು ನೀರಿನಲ್ಲಿ ತೇಯ್ದು ಹಚ್ಚಿದೆ. ಮೂರು ಬೆರಳು ಹಿಡಿಸುವಷ್ಟು ಜಾಗವಿರಲಿಲ್ಲವಾದ್ದರಿಂದ ಒಂದೇ ಬೆರಳಲ್ಲಿ ಚಕ್ರಕ್ಕೊಂದು ಗೀಟು, ಪಕ್ಕದ ಕಬ್ಬಿಣಕ್ಕೊಂದು ಗೀಟು. ಹಣೆ ಎಂದ ಮೇಲೆ ನಡುವೆ ತಾನೇ? ಎರಡನ್ನೂ ಅಂದವಾಗಿ ನಟ್ಟನಡುವೆ ಎಳೆದೆ. ಕೆಳಗಿನ ಚಕ್ರ ನನ್ನ ಕೈಗೆ ಎಟುಕಲಿಲ್ಲ; ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಸೀರೆ ಮುಚ್ಚಿ ಒಳಗೆ ಬಂದು ಬರೆದೆ: ಎಂಜಿನ್ ಒರೆಸಿದೆ.

ಮೂರು ಗಂಟೆಗೆ ಇವರು ಹೊಸ ಬೆಲ್ಟಿನೊಂದಿಗೆ ಬಂದರು. ಉಂಡವರೇ ಕೂತರು. ಬೆಲ್ಟ್ ಹಾಕಿ, ಬಿಗಿ ನೋಡಿ, ಕೀ ಮುಟ್ಟದೆ ಕೆಳಗಿನ ಚಕ್ರಕ್ಕೆ ಸ್ಪಾನರ್ ಸಿಕ್ಕಿಸಿದರು. ಅದು ಮೆಷಿನ್ ಶಾಪಿನ ಅಭ್ಯಾಸ. ಬಿಚ್ಚಿ ಜೋಡಿಸಿದ ಯಾವ ಯಂತ್ರವನ್ನೂ ಕೈಯಲ್ಲಿ ಒಂದೆರಡು ಸುತ್ತು ತಿರುಗಿಸದೆ ಚಾಲೂ ಮಾಡುವವರಲ್ಲ. ಮೆಲ್ಲಗೆ ತಿರುಗಿಸಿದರು. ಕಾಲು ಸುತ್ತು ಹೋಯಿತು. ಇನ್ನೂ ಒಂದಿಷ್ಟು. ಟಕ್.

“ಏನಾಯ್ತು ರೀ?”

“ಪಿಸ್ಟನ್ ವಾಲ್ವಿಗೆ ತಗುಲ್ತಾ ಇದೆ.”

ಹಿಂದಕ್ಕೆ ತಂದು ಮತ್ತೆ ತಿರುಗಿಸಿದರು. ಅದೇ ಜಾಗದಲ್ಲಿ ಟಕ್. ಮೂರನೆಯ ಸಲವೂ ಟಕ್. ಸ್ಪಾನರ್ ಕೆಳಗಿಟ್ಟು ಮಣ್ಣಿನ ಮೇಲೆಯೇ ಕೂತುಬಿಟ್ಟರು.

“ಗುರುತಿಗೆ ಗುರುತು ಕೂಡಿಸಿದ್ದೀನಿ ಕಣೇ. ಆದ್ರೂ ತಗುಲುತ್ತೆ ಅಂದ್ರೆ…” ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. “ನನ್ನ ಕೈ ಹೋಯ್ತು. ಮೂರೇ ತಿಂಗಳಿಗೆ ಕೈ ಹೋಯ್ತು ನೋಡು.”

“ಯಾವ ಗುರುತು?”

“ಬೆಲ್ಟ್ ಬಿಚ್ಚೋ ಮೊದಲು ಎಳೆದಿದ್ನಲ್ಲ. ಕಂಪನಿ ಗುರುತು ಕೊಳೆಯಲ್ಲಿ ಕಾಣಲ್ಲ. ಮನೇಲಿ ಸೀಮೆಸುಣ್ಣ ಎಲ್ಲಿದೆ? ದೇವರ ಮನೆಯಿಂದ ವಿಭೂತಿ ಗಟ್ಟಿ ತಗೊಂಡೆ.”

ಮೇಲಿನ ಚಕ್ರ ಎಲ್ಲಿ ನಿಲ್ಲಬೇಕೆಂದು ಹೇಳುವ ಒಂದೇ ಒಂದು ಗುರುತನ್ನು ನಾನು ಭಕ್ತಿಯಿಂದ ಒರೆಸಿ, ನನ್ನ ಕಣ್ಣಿಗೆ ಚೆಂದ ಕಂಡ ಜಾಗದಲ್ಲಿ ಹೊಸದು ಇಟ್ಟಿದ್ದೆ. ಇವರು ನಂಬಿ ಅದಕ್ಕೇ ಕೂಡಿಸಿದ್ದರು. ಹೇಳಬೇಕಿತ್ತು. ಒಳಗೆ ಹೋಗಿ ದಿನಚರಿ ತೆರೆದು ಆ ಸಾಲು ಓದಿದೆ; ಮುಚ್ಚಿದೆ; ಹುರುಳಿಕಾಳು ಬೇಯಲು ಇಟ್ಟು ಸೌಟು ಹಿಡಿದು ನಿಂತೆ. ಸಣ್ಣ ಸುಳ್ಳುಗಳನ್ನು ನಾನು ಹೇಳಿದ್ದಿದೆ: ಒಡೆದ ಲೋಟ ಬೆಕ್ಕಿನ ಮೇಲೆ, ಸೀದ ಪಲ್ಯ ಸ್ಟೌವಿನ ಮೇಲೆ. ಇದನ್ನು ಹೇಳದೆ ಬಿಟ್ಟರೆ ಮಾತ್ರ ಅದು ಹೋಗಿ ಕೂರುವುದು ಆ ಎರಡು ಕೈಗಳ ಮೇಲೆ. ಅಷ್ಟು ಗೊತ್ತಿದ್ದೂ ಸೌಟು ಹಿಡಿದು ನಿಂತಿದ್ದೆ ಎಂಬುದೇ ನನಗೆ ಇವತ್ತಿಗೂ ಆಶ್ಚರ್ಯ.

ಗೇಟು ಸದ್ದಾಯಿತು. ಭಾವ. “ಏನ್ ಮಾರಾಯ, ನನ್ನ ಕಾರು ಇನ್ನೂ ಕಾಲೆತ್ಕೊಂಡೇ ನಿಂತಿದೆ?”

ಇವರು ಎದ್ದು ನಿಂತದ್ದು ಕಿಟಕಿಯಿಂದ ಕಂಡಿತು. “ಅಣ್ಣ, ತಪ್ಪಾಯ್ತು. ನನ್ನಿಂದ ಆಗಲಿಲ್ಲ. ನಾಳೆಗೆ ಬೇರೆ ಕಾರು ಗೊತ್ತು ಮಾಡ್ಕೊಳ್ಳಿ. ಇನ್ಮೇಲೆ ನಾನು ಸ್ಪಾನರ್ ಮುಟ್ಟಲ್ಲ.”

ಸೌಟು ಕೈಯಲ್ಲೇ ಇತ್ತು. ಹಾಗೇ ಹೊರಗೆ ಬಂದೆ. “ಅವರದ್ದಲ್ಲ ಭಾವ. ನಾನು ಒರೆಸಿದೆ. ಪೂಜೆ ವಿಭೂತಿ ಅಂದ್ಕೊಂಡು ಒರೆಸಿ ಬೇರೆ ಇಟ್ಟೆ.”

ಇವರು ನನ್ನನ್ನೇ ನೋಡಿದರು. ನಾನು ಬೈಗುಳಕ್ಕೆ ತಲೆ ಕೊಟ್ಟು ನಿಂತೆ.

“ಒಂದೇ ಬೆರಳಲ್ಲಿ ಎಳೆದ್ಯಾ?”

“ಹೂಂ.”

“ಅದಕ್ಕೇ ಗೀಟು ದಪ್ಪ ಇತ್ತು! ನಾನು ಎಳೆದಿದ್ದು ಗಟ್ಟಿ ಅಂಚಿನಲ್ಲಿ, ತೆಳ್ಳಗೆ!” ಇವರ ಮುಖ ಅರಳಿದ್ದನ್ನು ನೋಡಿ ನಾನು ಬೆಚ್ಚಿಬಿದ್ದೆ. “ಹಾಗಾದ್ರೆ ನಾನು ಗುರುತಿಗೆ ಸರಿಯಾಗೇ ಕೂಡಿಸಿದ್ದೀನಿ! ಅಣ್ಣ, ಬನ್ನಿ, ನೀವೇ ನೋಡಿ. ಕೂದಲಷ್ಟು ಆಚೀಚೆ ಇದ್ರೆ ಹೇಳಿ!”

ಭಾವ ಬಗ್ಗಿ ನೋಡಿದರು. “ಹೌದಪ್ಪ. ತಪ್ಪು ಜಾಗಕ್ಕೆ ಬಹಳ ಸರಿಯಾಗಿ ಕೂಡಿಸಿದ್ದೀಯ.”

ಅದನ್ನೂ ಹೊಗಳಿಕೆಯೆಂದೇ ಇವರು ತೆಗೆದುಕೊಂಡರು.

ಉಳಿದ ಕೆಲಸ ನನಗೆ ಬಂತು. ಕಂಪನಿಯವರು ಕೊರೆದ ಗುರುತು ಕೊಳೆಯಡಿ ಇದ್ದೇ ಇರುತ್ತದೆ ಎಂದರು ಇವರು. ಮದುವೆಯಲ್ಲಿ ಕೊಟ್ಟ ಪಾತ್ರೆಗಳಿಗೆ ನಮ್ಮಲ್ಲಿ ಹೆಸರು ಕೊರೆಸಿರುತ್ತಾರಲ್ಲ, ವರ್ಷಗಳ ಮಸಿಯಡಿ ಮುಚ್ಚಿಹೋದ ಅಂಥ ಹೆಸರುಗಳನ್ನು ಉಜ್ಜಿ ಉಜ್ಜಿ ಎಬ್ಬಿಸುವುದು ನನಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಸೀಮೆಎಣ್ಣೆ, ತೆಂಗಿನ ನಾರು. ಹತ್ತು ನಿಮಿಷಕ್ಕೆ ಚಕ್ರದ ಮೇಲೊಂದು ಚುಕ್ಕೆ ಕಂಡಿತು, ಎದುರಿಗೆ ಕಬ್ಬಿಣದಲ್ಲಿ ಕಚ್ಚು. ನನ್ನ ‘ಹಣೆ’ಗೂ ಅದಕ್ಕೂ ನಾಲ್ಕು ಹಲ್ಲಿನ ಅಂತರ! ಇವರು ಬೆಲ್ಟ್ ತೆಗೆದು ಮತ್ತೆ ಕೂರಿಸಿ ಸ್ಪಾನರ್ ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಟಕ್ ಎನ್ನಲಿಲ್ಲ. “ಕೈಯಲ್ಲಿ ನೋಡಿದ್ದಕ್ಕೆ ಬದುಕ್ತು. ನೇರ ಕೀ ತಿರುಗಿಸಿದ್ರೆ ವಾಲ್ವೆಲ್ಲಾ ಸೊಟ್ಟ” ಎಂದರು. ಇವರು ಮುಚ್ಚಳ, ಚಕ್ರ ಹಾಕುವವರೆಗೆ ಭಾವ ಕಾದು, ದೇವರಿಗೊಂದು ಕೈ ಮುಗಿದು ಕೀ ತಿರುಗಿಸಿದರು. ಎಂಜಿನ್ನು ಏನೂ ನಡೆದೇ ಇಲ್ಲವೆಂಬಂತೆ ಗುರುಗುಟ್ಟಿತು.

ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾನು ಸರಿಯಾಗಿ ಮಾಡಿದ ಕೆಲಸಗಳು ಸಾವಿರ ಇದ್ದಾವು. ಯಾವುದಕ್ಕೂ ಇವರು ಅಷ್ಟು ಸಂತೋಷಪಟ್ಟದ್ದು ಕಾಣೆ. ಗೇಟಿನ ಬಳಿ ಇಣುಕಿದ ಪಕ್ಕದ ಮನೆಯವರಿಗೆ, ಹೂವಿನವಳಿಗೆ, ಎಲ್ಲರಿಗೂ, “ನಂದಲ್ಲ, ಇವಳದ್ದು ತಪ್ಪು!” ಎಂದು ಹಬ್ಬದ ಸುದ್ದಿ ಹೇಳುವಂತೆ ಹೇಳಿದರು. ಬೈಸಿಕೊಳ್ಳಲು ಸಿದ್ಧಳಾಗಿದ್ದ ನನಗೆ ಇದಕ್ಕೆ ಯಾವ ಮುಖ ಮಾಡಬೇಕೋ ತಿಳಿಯಲಿಲ್ಲ. ಇನ್ನೊಬ್ಬರಿಗೆ ಬೇಕಾದದ್ದು ನಮ್ಮ ಜಾಣತನವೇ ಇರಬೇಕೆಂದಿಲ್ಲ; ಕೆಲವೊಮ್ಮೆ ನಮ್ಮ ತಪ್ಪನ್ನು ನಮ್ಮದೆಂದು ಒಪ್ಪಿಕೊಂಡರೆ ಅದೇ ಅವರಿಗೆ ಬಹುಮಾನವಾಗುತ್ತದೆ.

ಭಾವ ಊಟ ಮುಗಿಸಿಯೇ ಹೊರಟರು. ಬಿಸಿ ಅನ್ನ, ಹುರುಳಿಕಟ್ಟಿನ ಸಾರು, ಸುಟ್ಟ ಹಪ್ಪಳ, ಮಜ್ಜಿಗೆ. ಇವರು ಮೂರು ಸಲ ಅನ್ನ ಹಾಕಿಸಿಕೊಂಡರು. ಕೆಲಸ ಬಿಟ್ಟ ಮೇಲೆ ದಿನಾ ನಾನೇ ಮೊದಲು ಮಲಗಿ, ಇವರು ಹೊರಳಾಡುವುದನ್ನು ನಿದ್ದೆಗಣ್ಣಿನಲ್ಲೇ ಕೇಳುತ್ತಿದ್ದೆ. ಅವತ್ತು ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ, ಕೈಗಳೆರಡನ್ನೂ ಎದೆಯ ಮೇಲಿಟ್ಟುಕೊಂಡು ಇವರೇ ಮೊದಲು ನಿದ್ದೆ ಹೋಗಿದ್ದರು.