ಮೂಕ ಹುಂಜ ಮಾರಿದ ರೇಟಕ್ಕ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೆ ನನ್ನ ಮೀಸೆ ಬೋಳಿಸಿ. ನಿನಗೆ ಮೀಸೆಯೇ ಇಲ್ಲವಲ್ಲ ಅನ್ನಬೇಡಿ, ಅದು ಬೇರೆ ಕಥೆ, ಅದೂ ನಿಜವೇ.

ಈಗ ತಾನೇ ಬೆಳಕು ಹರಿಯುತ್ತಿದೆ. ಮಹಡಿ ಮೇಲಿನ ಉದ್ದನೆಯ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಹಳೆಯ ಪುಸ್ತಕಗಳು. ನಡುವೆ ಒಬ್ಬರು ಅಡ್ಡ ನಡೆಯುವಷ್ಟು ದಾರಿ. ಸ್ವಲ್ಪ ದಪ್ಪಗಿದ್ದವರು ಉಸಿರು ಬಿಗಿ ಹಿಡಿದು ಹೋಗಬೇಕು. ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಒಂದು ದಪ್ಪ ಪುಸ್ತಕ. ಹೆಂಗಸೊಬ್ಬರು ಶಾಲು ಹೊದ್ದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಆ ಪುಸ್ತಕವನ್ನು ತೆರೆದು ಮೂಸುತ್ತಾರೆ.

"ಎಲ್ಲೋ ನೆನೆದಿತ್ತು ಇದು. ಆಮೇಲೆ ಬಿಸಿಲಿಗೆ ಒಣಗಿಸಿದ್ದಾರೆ, ಕಳ್ಳರು," ಅನ್ನುತ್ತಾರೆ. ಹಾಗೆಂದು ಫೋನಿನಲ್ಲಿ ಬೆನ್ನಿನದೊಂದು, ಅಂಚಿನದೊಂದು, ಕಲೆಯದೊಂದು ಚಿತ್ರ ತೆಗೆಯುತ್ತಾರೆ.

ಇವರೇ ರೇಟಕ್ಕ. ಹಳೆಯ ಪುಸ್ತಕ, ತಗಡಿನ ಆಟಿಕೆ, ನಿಂತುಹೋದ ಗಡಿಯಾರ, ಬಣ್ಣ ಮಾಸಿದ ಬೆಂಕಿಪೊಟ್ಟಣ, ಏನೇ ತಂದುಕೊಟ್ಟರೂ ಅದಕ್ಕೊಂದು ಬೆಲೆ ಕಟ್ಟಿ, ನಾಲ್ಕು ಸಾಲಿನ ವಿವರ ಬರೆದು, ಆನ್‌ಲೈನ್ ಸಂತೆಯಲ್ಲಿ ಮಾರಾಟಕ್ಕೆ ಇಡುವುದು ಇವರ ಕೆಲಸ. ದಿನಕ್ಕೆ ಹತ್ತು ಹನ್ನೆರಡು ವಸ್ತು ಏರಿಸುತ್ತಾರೆ. ಕೊಂಡವರು ಎಲ್ಲೆಲ್ಲೋ ಇದ್ದಾರೆ. ಅವರಲ್ಲಿ ಇವರ ಮುಖ ನೋಡಿದವರು ಇಬ್ಬರೇ ಇಬ್ಬರು.

"ಇಷ್ಟು ಬೇಗ ಯಾಕೆ ಏಳೋದು?" ಅಂತ ಕೇಳಿದೆ.

"ಬಲ್ಬಿನ ಬೆಳಕು ಸುಳ್ಳು ಹೇಳುತ್ತೆ. ಹಳದಿ ಹಾಳೇನೂ ಬೆಳ್ಳಗೆ ಕಾಣ್ಸುತ್ತೆ. ಮಧ್ಯಾಹ್ನದ ಬಿಸಿಲು ಚಾಡಿ ಹೇಳುತ್ತೆ, ಇಲ್ಲದ ಕಲೇನೂ ತೋರ್ಸುತ್ತೆ. ಈ ಹೊತ್ತಿನ ಬೆಳಕು ಮಾತ್ರ ಇದ್ದದ್ದು ಇದ್ದ ಹಾಗೆ."

ರೇಟಕ್ಕನ ಗಂಡನದು ಗುಜರಿ ಅಂಗಡಿ. ಮೊದಲು ಪುಸ್ತಕಗಳೂ ಅಲ್ಲಿ ತಕ್ಕಡಿಗೇ ಬೀಳುತ್ತಿದ್ದವು. ಒಮ್ಮೆ ಹಾಗೆ ತೂಕಕ್ಕೆ ಹೋದ ಚಿತ್ರದ ಪುಸ್ತಕವೊಂದು ವಾರ ಕಳೆಯುವುದರೊಳಗೆ ಯಾರದೋ ಮಾರಾಟಕ್ಕೆ ದೊಡ್ಡ ಬೆಲೆ ಹೊತ್ತು, ಫೋನಿನ ಪರದೆಯ ಮೇಲೆ ರಾಜಕುಮಾರನ ಹಾಗೆ ಕೂತಿತ್ತಂತೆ. ಅದನ್ನು ನೋಡಿ ಇವರಿಗೆ ಅವತ್ತು ಊಟ ಸೇರಲಿಲ್ಲ. ಆಮೇಲೆ ಗಂಡನ ಬೆನ್ನು ಕೈಕೊಟ್ಟಿತು, ಮೂಟೆ ಎತ್ತುವ ಹಾಗಿಲ್ಲ. ಅಂಗಡಿ ಮುಚ್ಚಿದರು. ಇವರು ಮಹಡಿ ಹತ್ತಿದರು. ಈಗ ಮನೆ ನಡೆಯುವುದು ಈ ಕೋಣೆಯಿಂದ.

ಮಾರಿದ ವಸ್ತುಗಳ ಕಟ್ಟು ಕಟ್ಟಿ ಕಳಿಸುವವರು ನಾದಿನಿ, ಅಂದರೆ ಗಂಡನ ತಂಗಿ. ಅವರ ಕೈ ಎಷ್ಟು ಚುರುಕೋ ಬಾಯಿ ಅದರ ಎರಡರಷ್ಟು.

ಬೆಲೆ ಕಟ್ಟುವುದಕ್ಕೆ ರೇಟಕ್ಕನದೊಂದು ಪದ್ಧತಿ ಇದೆ. ಕುಂದು ಮೊದಲು, ಗುಣ ಆಮೇಲೆ, ರೇಟು ಕೊನೆಗೆ. ಪ್ರತಿ ಹಾಳೆ ತಿರುವುತ್ತಾರೆ. ಹರಿದದ್ದು, ಗೀಚಿದ್ದು, ಚಿತ್ರ ಕಿತ್ತದ್ದು ಎಲ್ಲ ಬರೆಯುತ್ತಾರೆ. 'ಹುಳು ಮೊದಲ ಹಾಳೆಯಿಂದ ಕೊನೆಯ ಹಾಳೆವರೆಗೆ ಓದಿ ಮುಗಿಸಿದೆ' ಅಂತ ಬರೆದ ಪುಸ್ತಕವೂ ಖರ್ಚಾಗಿದೆ. ಬೇರೆಯವರು ಇಟ್ಟ ಬೆಲೆಯನ್ನು ಇವರು ಕಣ್ಣೆತ್ತಿಯೂ ನೋಡುವುದಿಲ್ಲ. "ಕೇಳೋ ರೇಟು ಬೇರೆ, ಹೋಗೋ ರೇಟು ಬೇರೆ. ಕೇಳೋಕೇನು, ಬಾಯಿಗೆ ಬಾಡಿಗೆ ಇದ್ಯಾ? ಹಿಂದೆ ನಿಜವಾಗಿ ಎಷ್ಟಕ್ಕೆ ಹೋಗಿದೆ, ಅದನ್ನ ನೋಡ್ಬೇಕು."

ತಾತನ ಕಾಲದ್ದು ಅಂತ ಹೊತ್ತು ತರುವವರ ಹತ್ತಿರ ಇದನ್ನು ಹೇಳುವುದೇ ದೊಡ್ಡ ಕಷ್ಟ. ಹೆತ್ತವರಿಗೆ ಹೆಗ್ಗಣ ಮುದ್ದು ನೋಡಿ. ಕಪ್ಪು ಹಿಡಿದ ಚಮಚ ತಂದು ಅರಮನೆ ಬರೆಸಿಕೊಡಿ ಅನ್ನುತ್ತಾರೆ.

"ಎಲ್ಲಾರೂ 'ಅಪರೂಪ, ಅದ್ಭುತ' ಅಂತ ಬರೀತಾರೆ. ನಮ್ಮತ್ತಿಗೆ ಮಾತ್ರ 'ಕಿವಿ ಮುರಿದಿದೆ, ಬಾಲ ಇಲ್ಲ'," ಅಂತ ನಾದಿನಿ ಟೇಪು ಹರಿಯುತ್ತಾ ಹೇಳುತ್ತಾರೆ. "ನನ್ನ ಮದುವೆಗೆ ವಿವರ ಬರೆಯೋ ಕೆಲಸ ಇವರಿಗೆ ಕೊಟ್ಟಿದ್ರೆ ನಾನು ಇವತ್ತಿಗೂ ಕಪಾಟಿನಲ್ಲೇ ಇರ್ತಿದ್ದೆ."

"ನಿನ್ನ ಬರೆಯೋಕೆ ನಾಲ್ಕು ಸಾಲು ಎಲ್ಲಿ ಸಾಕಾಗ್ತಿತ್ತೇ?" ಅನ್ನುತ್ತಾರೆ ರೇಟಕ್ಕ, ತಲೆ ಎತ್ತದೆ.

ಇಷ್ಟೆಲ್ಲ ಕುಂದು ಬರೆಯುವ ಇವರೇ ಒಂದು ಕುಂದು ತಪ್ಪಾಗಿ ಬರೆದು ಈ ಆನ್‌ಲೈನ್ ಅಂಗಡಿಗೇ ಸಂಚಕಾರ ತಂದುಕೊಂಡಿದ್ದರು. ಹೋದ ಚಳಿಗಾಲದ ಮಾತು. ಒಂದು ತಗಡಿನ ಹುಂಜ ಬಂತು. ಕೀ ಕೊಟ್ಟರೆ ಕೂಗಬೇಕಾದ ಆಟಿಕೆ. ಇವರು ಎಂದಿನಂತೆ ಮುಂಜಾನೆ ಕೂತು ಕೀ ತಿರುಗಿಸಿದರು. ಹುಂಜ ಕಮಕ್ ಕಿಮಕ್ ಅನ್ನಲಿಲ್ಲ. 'ಬಾಲದ ಬಣ್ಣ ಹೋಗಿದೆ. ಹುಂಜ ಮೂಕ. ಕೂಗುವುದಿಲ್ಲ' ಅಂತ ಬರೆದು ಏರಿಸಿದರು. ಅವತ್ತೇ ಖರ್ಚಾಯಿತು. ಕೊಂಡವರು ರೈಲಿನ ಗಾರ್ಡ್ ಆಗಿ ನಿವೃತ್ತರಾದವರು.

ಹುಂಜ ಅಲ್ಲಿಗೆ ಮುಟ್ಟಿದ ಮಾರನೇ ದಿನವೇ ದೂರು ಬಂತು. 'ವಿವರ ಸುಳ್ಳು. ಹುಂಜ ಕೂಗುತ್ತಿದೆ.'

ನಗಬೇಡಿ. ಆ ಆನ್‌ಲೈನ್ ಸಂತೆಯ ಕಾನೂನಿನಲ್ಲಿ ವಿವರ ಒಂದು, ವಸ್ತು ಇನ್ನೊಂದು ಆದರೆ ಅದು ತಪ್ಪೇ. ಆಗಲೇ ಇವರ ತಲೆ ಮೇಲೆ ಎರಡು ದೂರು ಇದ್ದವು: ಒಂದು ದಾರಿಯಲ್ಲಿ ನೆನೆದ ಕಟ್ಟು, ಇನ್ನೊಂದು ನಾದಿನಿ ಅದಲು ಬದಲು ಮಾಡಿದ ವಿಳಾಸ. ಮೂರನೆಯದೂ ಉಳಿದುಬಿಟ್ಟರೆ ಸಂತೆಯವರು ಅಂಗಡಿ ತೆಗೆದುಹಾಕುತ್ತಾರೆ. ಮನೆಗೆ ಬೇರೆ ದಾರಿ ಇಲ್ಲ.

ರೇಟಕ್ಕ ಕೂಡಲೇ ಫೋನು ಹಚ್ಚಿದರು. ಗಾರ್ಡ್ ಸಾಹೇಬರು ಕೆಂಡವಾಗಿದ್ದರು.

"ಜೀವಮಾನ ಪೂರ್ತಿ ಸೀಟಿ ಕೇಳಿ ಕಿವಿ ಹಣ್ಣಾಗಿದೆ ಕಣಮ್ಮಾ! ಮೂಕ ಅಂತ ಬರೆದಿದ್ರಿ ಅಂತಾನೇ ತಗೊಂಡೆ. ಮಧ್ಯಾಹ್ನ ಕಣ್ಣು ಮುಚ್ಚಿದ್ದೆ, ತಲೆ ಮೇಲೆ ಕೊಕ್ಕೋ ಅಂತು. ಎದ್ದವನು ಹಸಿರು ಬಾವುಟ ಹುಡುಕ್ತಿದ್ದೆ!"

"ನೀವು ಕೀ ಕೊಟ್ರಾ, ಸಾರ್?"

"ನಾನ್ಯಾಕೆ ಕೊಡ್ಲಿ? ಮುಟ್ಟೂ ಇಲ್ಲ. ತಾನಾಗೇ ಕೂಗ್ತು."

ರೇಟಕ್ಕನಿಗೆ ಆಗ ಹೊಳೆಯಿತು. ಮುಂಜಾನೆ ಚಳಿಗೆ ಒಳಗಿನ ಹಳೇ ಗ್ರೀಸು ಗಟ್ಟಿಯಾಗಿ ಚಕ್ರ ಹಿಡಿದುಕೊಂಡಿತ್ತು. ಕೊಟ್ಟ ಕೀ ಬಿಚ್ಚದೆ ಹಾಗೇ ಕಟ್ಟಿ ಕಳಿಸಿದ್ದರು. ಗಾರ್ಡ್ ಮನೆಯ ಬಿಸಿಲಿಗೆ ಗ್ರೀಸು ಕರಗಿದ್ದೇ ತಡ, ಹುಂಜ ಬಾಕಿ ಕೂಗೆಲ್ಲ ಕೂಗಿಬಿಟ್ಟಿತ್ತು.

ನಾದಿನಿ ಎದುರಿಗೆ ನಿಂತು ಬಾಯಿ ಮೇಲೆ ಬೆರಳಿಟ್ಟು ಕುಣಿಯುತ್ತಿದ್ದರು. "ಹೇಳ್ಬೇಡಿ ಅತ್ತಿಗೆ! ಅವರೇ ರಿಪೇರಿ ಮಾಡ್ಸಿದ್ರು ಅನ್ನಿ! ಹುಂಜ ಏನು ಸಾಕ್ಷಿ ಹೇಳುತ್ತಾ?"

"ಸಾರ್," ಅಂದರು ರೇಟಕ್ಕ, "ಕೀ ಕೊಟ್ಟಿದ್ದು ನಾನೇ. ತಪ್ಪು ನಮ್ಮದು. ಬಂದು ದುಡ್ಡು ವಾಪಸ್ಸು ಕೊಟ್ಟು ತಗೊಂಡು ಹೋಗ್ತೀನಿ."

ನಾದಿನಿ ತಲೆ ಮೇಲೆ ಕೈ ಹೊತ್ತು ಕೂತರು. ರೇಟಕ್ಕ ಚೀಲ ಹಿಡಿದು ಮೊದಲ ಬಸ್ಸು ಹತ್ತಿದರು.

ಗಾರ್ಡ್ ಮನೆಯಲ್ಲಿ ಚಹಾ ಬಂತು, ನಂಬಿಕೆ ಬರಲಿಲ್ಲ. ಚಳಿಗೆ ಮೂಕ, ಬಿಸಿಲಿಗೆ ಬಾಯಿ ಅಂದರೆ ಯಾರು ನಂಬುತ್ತಾರೆ? ಕೊನೆಗೆ ಹುಂಜವನ್ನು ಫ್ರಿಜ್ಜಿನಲ್ಲಿ, ಟೊಮೆಟೊ ಪಕ್ಕ ಕೂರಿಸಿದರು. ಎರಡನೇ ಲೋಟ ಚಹಾ ಮುಗಿದ ಮೇಲೆ ತೆಗೆದು ರೇಟಕ್ಕ ಕೀ ಕೊಟ್ಟರು. ಹುಂಜ ಉಸಿರೆತ್ತಲಿಲ್ಲ. ಗಾರ್ಡ್ ಸಾಹೇಬರು ಕಿವಿ ಹಚ್ಚಿ ಕೇಳಿ, ನಕ್ಕು, ಅಲ್ಲೇ ದೂರು ವಾಪಸ್ಸು ತೆಗೆದರು.

"ಹುಂಜಕ್ಕಲ್ಲಮ್ಮಾ, ನಿಮ್ಮ ಮಾತಿಗೆ ತೆಗೆದೆ. ನಮ್ಮಲ್ಲಿ ರೈಲು ತಡವಾದ್ರೆ ತಪ್ಪು ಯಾವಾಗ್ಲೂ ಹಿಂದಿನ ಸ್ಟೇಷನ್ದು. ನಮ್ಮದೇ ಅಂದವರನ್ನ ಇವತ್ತೇ ನೋಡಿದ್ದು."

ಅಂಗಡಿ ಉಳಿಯಿತು. ಆ ಖುಷಿಯಲ್ಲಿ ಹುಂಜವನ್ನು ಚೀಲಕ್ಕೆ ಹಾಕಿಕೊಂಡು ರೇಟಕ್ಕ ವಾಪಸ್ಸು ಬಸ್ಸು ಹತ್ತಿ, ಕಿಟಕಿ ಪಕ್ಕ ಬಿಸಿಲಲ್ಲಿ ಕೂತರು. ಕೊಟ್ಟ ಕೀಯನ್ನು ಮತ್ತೆ ಮರೆತಿದ್ದರು.

ನನಗೆ ಗೊತ್ತಿರುವುದು ಹೇಗೆಂದರೆ, ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದವನು ನಾನೇ. ಹುಂಜ ಎಂಥಾ ಕೂಗು ಹಾಕಿತೆಂದರೆ ಡ್ರೈವರ್ ಬ್ರೇಕು ಒತ್ತಿದ, ಕಂಡಕ್ಟರ್ ಕೋಳಿಗೆ ಟಿಕೆಟ್ ಹರಿದ, ದಾರಿಬದಿಯ ನಿಜವಾದ ಹುಂಜವೊಂದು ನಾಚಿ ಬೇಲಿ ಹಾರಿತು. ರೇಟಕ್ಕ ಎದ್ದು ನಿಂತು, "ಹೆದರ್ಬೇಡಿ, ಕುಂದು ಗೊತ್ತಾಗಿದೆ!" ಅಂದರು. ನಗು ತಡೆಯಲಾರದೆ ಆ ಹುಂಜವನ್ನು ಅಲ್ಲೇ ಕೊಂಡುಕೊಂಡೆ. ಚೌಕಾಸಿಗೆ ಅವರು ಬಗ್ಗಲಿಲ್ಲ. "ಈಗ ಕೂಗುತ್ತಲ್ಲ, ರೇಟು ಏರಿದೆ," ಅಂದರು.

ಈಗ ರೇಟಕ್ಕ ಕೀ ಇರುವ ವಸ್ತುಗಳನ್ನೆಲ್ಲ ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿಯೇ ಬರೆಯುತ್ತಾರೆ. ಇನ್ನೇನು ಆಸೆ ನಿಮಗೆ ಅಂತ ಕೇಳಿದರೆ, ಪುಸ್ತಕದ ಧೂಳು ಒರೆಸುತ್ತಾ ಹೇಳುತ್ತಾರೆ: "ನನ್ನ ಹೆಸರು ಯಾರಿಗೂ ಗೊತ್ತಾಗೋದು ಬೇಡ. ಕಟ್ಟು ಬಿಚ್ಚಿದೋರು 'ಹೂಂ, ಹೇಳಿದ ಹಾಗೇ ಇದೆ' ಅಂದ್ರೆ ಸಾಕು."

ನನ್ನ ಆಸೆ ಇನ್ನೂ ಚಿಕ್ಕದು. ಮನೆಯಲ್ಲಿ ನನ್ನ ಹೆಂಡತಿ, "ಇಲ್ಲಿ ಹುಂಜ ಇರಬೇಕು, ಇಲ್ಲ ನೀವಿರಬೇಕು," ಅಂದಿದ್ದಾಳೆ. ಆದ್ದರಿಂದ ರೇಟಕ್ಕನ ಪದ್ಧತಿಯಂತೆ ಹೇಳುತ್ತೇನೆ ಕೇಳಿ. ಕುಂದು: ಬಾಲದ ಬಣ್ಣ ಹೋಗಿದೆ, ಯಾವಾಗ ಕೂಗುತ್ತದೋ ದೇವರಿಗೇ ಗೊತ್ತು. ಗುಣ: ಇಷ್ಟು ಹೊತ್ತು ನಿಮ್ಮನ್ನು ಇಲ್ಲಿ ಹಿಡಿದು ಕೂರಿಸಿದೆ. ರೇಟು ಆಮೇಲೆ ಮಾತಾಡೋಣ, ಮೊದಲು ನಿಮ್ಮ ವಿಳಾಸ ಹೇಳಿ. ಕೀ ಕೊಟ್ಟೇ ಕಳಿಸುತ್ತೇನೆ.