ಪವಿತ್ರ ಬರಲ್ಲ ಅಂದಳಂತೆ

ಆ ದಿನ ಪವಿತ್ರ ಕೆಂಪು ಫ್ರಾಕ್ ಹಾಕಿಕೊಂಡು ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. ತಲೆ ಅಡ್ಡ ಆಡಿಸಿ "ನಾನ್ ಬರಲ್ಲ" ಅಂದಳು.

ಹೋದ ತಿಂಗಳವರೆಗೆ ಈ ಮಾತನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತಿದ್ದೆ. ಈಗ ಕೇಳಿದರೆ ನನಗೆ ಗೊತ್ತಿಲ್ಲ. ಫ್ರಾಕ್ ಕೆಂಪಿತ್ತೇ? ಅವಳು ನಿಂತದ್ದು ಬಾಗಿಲಲ್ಲೇ? ಆ ಧ್ವನಿ ಅವಳದೇ? ಅಥವಾ ಆಮೇಲೆ ಮನೆಯಲ್ಲಿ ಎಲ್ಲರೂ ಹೇಳಿ ಹೇಳಿ ನನ್ನ ಕಿವಿಯಲ್ಲಿ ಉಳಿದುಹೋದ ಧ್ವನಿಯೇ?

(ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಆಧಾರ ಇಲ್ಲದ್ದನ್ನು ನಂಬಬೇಡಿ ಎಂದು ಇದೇ ಅಂಕಣದಲ್ಲಿ ನಿಮಗೆ ಎಷ್ಟು ಸಲ ಉಪದೇಶ ಮಾಡಿಲ್ಲ? ಸ್ವಂತ ಮನೆಯ ವಿಷಯಕ್ಕೆ ಬಂದಾಗ ಆಧಾರ ಕೇಳುವುದೇ ಮರೆತುಹೋಗಿತ್ತು.)

ಪವಿತ್ರ ನನ್ನ ಅಕ್ಕನ ಮಗಳು. ಈಗ ಹತ್ತೊಂಬತ್ತು. ಸಕಲೇಶಪುರದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಹೋದ ತಿಂಗಳು ಒಂದು ಭಾನುವಾರ ಹೇಳದೆ ಕೇಳದೆ ಬಸ್ಸು ಹತ್ತಿ ಹಾಸನಕ್ಕೆ, ನನ್ನ ಮನೆಗೆ ಬಂದಳು. ಕಾಫಿ ಕುಡಿದಳು. ಪೇಪರ್ ತಿರುವಿದಳು. ಆಮೇಲೆ ಕೇಳಿದಳು.

"ಮಾವ, ಒಂದ್ ಮಾತು ಕೇಳ್ತೀನಿ. ಬೇಜಾರ್ ಮಾಡ್ಕೋಬಾರ್ದು."

"ಕೇಳು."

"ನಾನು ಅವತ್ತು ಬರಲ್ಲ ಅಂದಿದ್ದು ನಿಜವಾ?"

ಯಾವತ್ತು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ 'ಅವತ್ತು' ಅಂದರೆ ಒಂದೇ ದಿನ.

ನಮ್ಮ ಊರಿನ ಮನೆ ಸಕಲೇಶಪುರದ ಕಾಫಿ ಸೀಮೆಯಲ್ಲಿ, ಹೆಗ್ಗದ್ದೆ ಕಡೆ. ಅಕ್ಕ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಮೊದಲ ಹೆರಿಗೆಗೆ ತವರಿಗೆ ಬಂದಳು. ಪವಿತ್ರ ಹುಟ್ಟಿದ್ದು ನಮ್ಮ ಮನೆಯ ಒಳಕೋಣೆಯಲ್ಲಿ, ಊರಿನ ಸೂಲಗಿತ್ತಿಯ ಕೈಗೆ. ರಜ ಮುಗಿದ ಮೇಲೆ ಅಕ್ಕ ಡ್ಯೂಟಿಗೆ ಹೋದಳು, ಮಗು ಅವ್ವನ ಹತ್ತಿರ ಉಳಿಯಿತು. ಮೊದಲ ಮಗು ಅಜ್ಜಿ ಮನೆಯಲ್ಲಿ ಬೆಳೆಯುವುದು ನಮ್ಮ ಕಡೆ ವಿಶೇಷವೇನಲ್ಲ. ಐದು ವರ್ಷ ಬಿಟ್ಟು ಹುಟ್ಟಿದ ಗಂಡು ಮಗು ಮಾತ್ರ ಅಕ್ಕನ ಆಸ್ಪತ್ರೆಯಲ್ಲೇ ಹುಟ್ಟಿತು. ಅದು ತೊಟ್ಟಿಲು ಸೇರುವ ಮೊದಲೇ ಅದರ ಜನನ ಪ್ರಮಾಣಪತ್ರ ಫೈಲು ಸೇರಿತ್ತು.

ಪವಿತ್ರಳನ್ನು ಸ್ಕೂಲಿಗೆ ಸೇರಿಸಿದ್ದು ನನ್ನ ಅಣ್ಣ. ತೋಟ ನೋಡಿಕೊಂಡು ಊರಲ್ಲೇ ಇದ್ದವನು ಅವನು. ಅಪ್ಪನ ಹೆಸರು ಏನು ಬರೀಲಿ ಎಂದು ಮೇಷ್ಟ್ರು ಕೇಳಿದಾಗ ಅಣ್ಣ, "ನಂದೇ ಬರ್ಕೊಳಿ ಮೇಷ್ಟ್ರೇ. ಮಗೀಗೆ ಜ್ವರ ಬಂದ್ರೆ ಮಂಗಳೂರಿಗೆ ಹೇಳಿ ಕಳಿಸ್ತೀರಾ? ನನ್ನೇ ತಾನೆ ಕರೆಯೋದು?" ಅಂದನಂತೆ. ಮೇಷ್ಟ್ರಿಗೂ ಅದು ಸರಿ ಕಂಡಿತು. ಅವನು ಸುಳ್ಳು ಬರೆಸಲಿಲ್ಲ. ಪ್ರೀತಿಯನ್ನು ತಪ್ಪು ಕಾಲಂನಲ್ಲಿ ಬರೆಸಿದ. ಹುಡುಕಿದರೆ ನಮ್ಮ ಸೀಮೆಯ ಸ್ಕೂಲುಗಳಲ್ಲಿ ಸೋದರಮಾವಂದಿರೇ ಅಪ್ಪಂದಿರಾಗಿರುವ ಮಕ್ಕಳು ಇನ್ನೂ ಸಿಕ್ಕಾರು.

ಪವಿತ್ರ ಮೂರನೇ ಕ್ಲಾಸಿನಲ್ಲಿದ್ದಾಗ ಅಕ್ಕನಿಗೆ ಕೆನಡಾಕ್ಕೆ ಹೋಗುವ ಅವಕಾಶ ಬಂತು. ನರ್ಸುಗಳು ಬೇಕಾಗಿದ್ದಾರೆ, ಗಂಡ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು, ಅಲ್ಲೇ ನೆಲೆಸಬಹುದು. ಅರ್ಜಿಯಲ್ಲಿ ಅವ್ವ ಅಪ್ಪನ ಹುಟ್ಟಿದ ವರ್ಷದಿಂದ ಹಿಡಿದು ನಮ್ಮೆಲ್ಲರ ಹೆಸರಿನವರೆಗೆ ಕೇಳಿದ್ದರು. ಈ ವಾರದಲ್ಲಿ ಒಂದು ದಿನ ಬರುತ್ತೇವೆ, ಪವಿತ್ರಳ ಸ್ಕೂಲಿನ ಸರ್ಟಿಫಿಕೇಟ್ ತೆಗೆಸಿಟ್ಟಿರಿ ಎಂದು ಅಕ್ಕ ಕಾಗದ ಬರೆದಳು. ನಾನು ಆಗ ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ಮಧ್ಯೆ ಊರಲ್ಲಿದ್ದೆ. (ಆ ಕಾಲದಲ್ಲಿ ನಾನು ಬಹಳ ಸಲ ಆ ಮಧ್ಯೆಯಲ್ಲೇ ಇರುತ್ತಿದ್ದೆ.)

ಅಕ್ಕ, ಬಾವ ಹನ್ನೊಂದು ಗಂಟೆ ಬಸ್ಸಿಗೆ ಬಂದರು. ಮೂರು ಗಂಟೆ ಬಸ್ಸಿಗೆ ಹೋದರು. ಅಕ್ಕನಿಗೆ ನೈಟ್ ಡ್ಯೂಟಿ ಇತ್ತು. ನಾಲ್ಕು ಗಂಟೆಯ ಆ ಮಧ್ಯಾಹ್ನದಲ್ಲಿ ನಡುಮನೆಯ ಟೇಬಲ್ ಮೇಲೆ ಫಾರಂ ಹರಡಿ, ನನ್ನ ಅಕ್ಷರ ದುಂಡಗಿದೆ ಎಂದು ನನ್ನ ಕೈಲೇ ಬರೆಸಿದರು.

ಮಕ್ಕಳ ಕಾಲಂ ಬಂದಾಗ ಬಾವ ಸರ್ಟಿಫಿಕೇಟ್ ಎತ್ತಿ ನೋಡಿದರು. ಅಣ್ಣನ ಕಡೆ ತಿರುಗಿದರು.

"ಏನ್ ಮಾರಾಯ, ನನ್ನ ಮಗಳಿಗೆ ನೀನ್ಯಾವಾಗ ಅಪ್ಪ ಆದೆ?"

ಅಣ್ಣ ನಗಲು ನೋಡಿದ. ಬಾವ ನಗುತ್ತಿರಲಿಲ್ಲ. ಹುಟ್ಟಿದ್ದಕ್ಕೆ ಕಾಗದ ಇಲ್ಲ, ಇದ್ದ ಒಂದು ಕಾಗದದಲ್ಲಿ ಬೇರೆಯವರ ಹೆಸರು. ಇಂಥ ಕಾಗದ ಸೇರಿಸಿದರೆ ಫೈಲೇ ವಾಪಸ್ ಬರುತ್ತೆ ಎಂದು ಅವರ ಏಜೆಂಟ್ ಮೊದಲೇ ಹೆದರಿಸಿದ್ದನಂತೆ. "ಮೊದ್ಲು ನಾವು ಹೋಗಿ ಸೇರ್ಕೊಳಾಣ. ಆಮೇಲೆ ಇವಳನ್ನ ಕರೆಸ್ಕೊಂಡ್ರಾಯ್ತು. ಒಂದ್ ವರ್ಷ, ಹೆಚ್ಚಂದ್ರೆ ಎರಡು" ಅಂದರು ಬಾವ.

ಇಲ್ಲಿಯವರೆಗೆ ಎಲ್ಲರ ನೆನಪೂ ಒಂದೇ. ಇದರ ಮುಂದಿನದೇ ತಕರಾರು. ಅಕ್ಕ ಒಪ್ಪಲಿಲ್ಲ, ಹುಡುಗಿಯನ್ನೇ ಕೇಳೋಣ ಅಂದಳು, ಕೇಳಿದರು, ಅವಳು ಬರಲ್ಲ ಅಂದಳು, ಆಮೇಲೆ ನಾನು ಕಾಲಂನಲ್ಲಿ ಹುಡುಗನ ಹೆಸರೊಂದನ್ನೇ ಬರೆದೆ. ನಮ್ಮ ಮನೆಯ ಇತಿಹಾಸ ಹೀಗೆ ಹೇಳುತ್ತದೆ.

ಒಂದು ವರ್ಷ ಹನ್ನೊಂದು ವರ್ಷವಾಯಿತು. ಪ್ರತಿ ಭಾನುವಾರ ಅಕ್ಕ ಫೋನ್ ಮಾಡುತ್ತಾಳೆ. ಮೊದಮೊದಲು ಹತ್ತಿರದ ವನಗೂರಿನ ಫೋನ್ ಬೂತಿಗೆ, ಆಮೇಲೆ ಮನೆಗೇ. ಅವಳು ಮಗಳ ಮಾರ್ಕ್ಸ್ ಕೇಳಿದ್ದು ಕಡಿಮೆ. ಕೇಳುತ್ತಿದ್ದದ್ದು ಒಂದೇ. "ಬಾಗಿಲಿಗೆ ಎಲ್ಲೀವರ್ಗೆ ಬರ್ತಾಳೋ?"

ನಡುಮನೆ ಬಾಗಿಲು ಅವಳಿಗೆ ಅಂಗುಲ ಅಂಗುಲ ಗೊತ್ತು. ಅಗುಳಿಯವರೆಗೆ ಅನ್ನುತ್ತಿದ್ದೆವು. ಎರಡು ವರ್ಷ ಬಿಟ್ಟು ಚಿಲಕದವರೆಗೆ ಅಂದೆವು. ಆಮೇಲೆ ಚಿಲಕ ದಾಟಿದಳು. ಅಕ್ಕ ಆ ಕಡೆ ಕೈಯಲ್ಲೇ ಅಳೆದು ನೋಡುತ್ತಿದ್ದಳೋ ಏನೋ, ಆಮೇಲೆ ಬಟ್ಟೆ ಕಳಿಸುತ್ತಿದ್ದಳು. ಪಾರ್ಸೆಲ್ ಬರುವಷ್ಟರಲ್ಲಿ ಹುಡುಗಿ ಇನ್ನೂ ಎರಡು ಬೆರಳು ಬೆಳೆದಿರುತ್ತಿದ್ದಳು. ಒಂದೂ ಹಿಡಿಸುತ್ತಿರಲಿಲ್ಲ. ಅವ್ವ ಅವನ್ನೆಲ್ಲ ಮಡಚಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಆ ಟ್ರಂಕು ತೆಗೆದರೆ ಹನ್ನೊಂದು ವರ್ಷದ ಪವಿತ್ರಂದಿರು ಸಾಲಾಗಿ ಸಿಗುತ್ತಾರೆ. ಯಾರೂ ತೊಡದ ಪವಿತ್ರಂದಿರು.

ಮಧ್ಯೆ ಒಮ್ಮೆ, ಮೂರು ವಾರಕ್ಕೆ, ಅಕ್ಕ ಬಂದು ಹೋದಳು. ಮಗಳು ಅವ್ವನ ಪಕ್ಕದಲ್ಲೇ ಮಲಗಿದಳು. ಹೋಗುವ ದಿನ ಅಕ್ಕ ಬಾಗಿಲ ಚೌಕಟ್ಟನ್ನು ಕೈಯಿಂದ ಸವರಿ ಹೋದಳು.

ಕರೆಸಿಕೊಳ್ಳುವ ಪ್ರಯತ್ನ ಮಾಡಲಿಲ್ಲ ಅಂತಲ್ಲ. ಅಪ್ಪನ ಹೆಸರು ತಿದ್ದಿಸಲು ಅಣ್ಣ ಆಫೀಸಿನಿಂದ ಆಫೀಸಿಗೆ ಅಲೆದ. ಅದಕ್ಕೇ ವರ್ಷಗಳು ಹಿಡಿದವು. ಕೊನೆಗೆ ಎಲ್ಲ ಕಾಗದ ಕೂಡಿಸಿ ಅಕ್ಕ ಅರ್ಜಿ ಹಾಕಿದಳು. ಈಚೆಗೆ ಉತ್ತರ ಬಂತು. ಆಗುವುದಿಲ್ಲ. ನೀವು ಮೊದಲು ಬರುವಾಗ ಇಂಥ ಮಗಳು ಇದ್ದಾಳೆಂದೇ ಹೇಳಿಲ್ಲ. ಹೇಳದೆ ಬಿಟ್ಟವರನ್ನು ಆಮೇಲೆ ಕರೆಸಿಕೊಳ್ಳಲು ಬರುವುದಿಲ್ಲ.

ಅಂದು ರಾತ್ರಿ ಫೋನಿನಲ್ಲಿ ಅಕ್ಕ ಅತ್ತಳಂತೆ. ಅಳುತ್ತಲೇ ಮಗಳಿಗೆ, "ನೀನೇ ಅವತ್ತು ಒಲ್ಲೆ ಅಂದ್ಯಲ್ಲೇ" ಅಂದಳಂತೆ.

"ನಂಗೆ ನೆನಪೇ ಇಲ್ಲ ಮಾವ" ಅಂದಳು ಪವಿತ್ರ. "ಅಂದಿದ್ರೆ ಅಂದಿದ್ದೆ. ಎಂಟು ವರ್ಷದೋಳು, ಅಜ್ಜಿ ಬಿಟ್ಟು ಬರಲ್ಲ ಅಂದಿರಬಹುದು. ಆದ್ರೆ ಇಷ್ಟು ವರ್ಷದಿಂದ ನನ್ನ ಮೇಲೆ ನಾನೇ ಸಿಟ್ಟು ಮಾಡ್ಕೊಂಡಿದೀನಿ. ಆ ಸಿಟ್ಟು ಸರಿಯಾದ ಅಡ್ರೆಸ್ಸಿಗೆ ಹೋಗ್ತಾ ಐತಾ ಅಂತ ಗೊತ್ತಾಗ್ಬೇಕು."

ನಾನು ಸಮಾಧಾನ ಮಾಡಲು ಹೊರಟೆ. ನನಗೆ ಚೆನ್ನಾಗಿ ನೆನಪಿದೆ, ನೀನು ಕೆಂಪು ಫ್ರಾಕ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ ಅಂದೆ.

ಅವಳು ನನ್ನನ್ನು ಒಂದು ಥರ ನೋಡಿದಳು. "ಕೆಂಪು ಫ್ರಾಕ್ ಅಮ್ಮ ಕೆನಡಾದಿಂದ ಕಳಿಸಿದ್ದು ಮಾವ. ಫಸ್ಟ್ ಪಾರ್ಸೆಲ್. ಅದನ್ನ ನಾನು ಹಾಕ್ಕೊಂಡೇ ಇಲ್ಲ. ಟೈಟಾಗಿತ್ತು."

ಎಂ.ಎ. ಓದಿದವನ ಮೊದಲ ಆಧಾರ ಅಲ್ಲಿಗೆ ಬಿತ್ತು.

ಬ್ಯಾಗಿನಿಂದ ಒಂದು ಜೆರಾಕ್ಸ್ ತೆಗೆದಳು. ಬಾವ ಜೆರಾಕ್ಸ್ ಮಾಡಿಸದೆ ಬಸ್ ಟಿಕೆಟ್ಟನ್ನೂ ಬಿಸಾಡುವವರಲ್ಲ. ಹಳೆ ಅರ್ಜಿ. ನನ್ನ ದುಂಡಗಿನ ಅಕ್ಷರ. ಮಕ್ಕಳ ಕಾಲಂನ ನೆತ್ತಿಯ ಮೇಲೇ ಅಚ್ಚಾಗಿದೆ: ಜೊತೆಗೆ ಬರುವವರು, ಬರದವರು, ಎಲ್ಲ ಮಕ್ಕಳನ್ನೂ ನಮೂದಿಸಿ. ಆ ಸಾಲನ್ನು ನಾನು ಅವತ್ತು ಓದಿದ್ದೆನೇ? ಓದಿಯೂ ಸುಮ್ಮನಿದ್ದೆನೇ? ಅದೂ ಗೊತ್ತಿಲ್ಲ. ಕೊನೆಯ ಪುಟದಲ್ಲಿ ಅಕ್ಕನ ಸಹಿ. ಸಹಿಯ ಪಕ್ಕ ತಾರೀಖು. ಅದೂ ನನ್ನದೇ ಅಕ್ಷರ.

"ಇತಿಹಾಸ ಓದಿದೋರಲ್ವಾ. ಹುಡುಕ್ಕೊಡಿ" ಅಂದು ಬಸ್ಸು ಹತ್ತಿ ಹೋದಳು.

ಮರುವಾರ ಹೆಗ್ಗದ್ದೆಗೆ ಹೋದೆ. ಸಾಕ್ಷಿಗಳ ವಿಚಾರಣೆ.

ಅವ್ವ ಅಂದಳು, "ಬಚ್ಚಲ ಒಲೆ ಹಿಂದೆ ಬಚ್ಚಿಟ್ಕಂಡು ಕುಂತಿತ್ತು ಕಣಪ್ಪ. ಅಲ್ಲಿಂದ್ಲೇ ಒಲ್ಲೆ ಅಂತು."

ಅಣ್ಣ ಅಂದ, "ಬಚ್ಚಲಲ್ಲಿ ಅಲ್ಲ ಕಣೋ. ಕಣದಲ್ಲಿ ಕಾಫಿ ಹಣ್ಣು ಒಣಗಾಕಿದ್ದೆ, ಅದರ ಮ್ಯಾಲೆ ಕುಂತು ಆಡ್ತಿತ್ತು. ನಾನೇ ಹೋಗಿ ಕೇಳ್ದೆ."

"ನೀನೇ ಕೇಳಿದ್ಯಾ? ಅಕ್ಕ ಅಲ್ವಾ ಕೇಳಿದ್ದು?"

"ಅಕ್ಕನೂ ಕೇಳಿರ್ತಾಳೆ ಬುಡು. ಈಗ ಅದನ್ನ ಕೆದಕಿ ಏನ್ ಮಾಡ್ತೀಯ ಮಾರಾಯ?"

ಅಕ್ಕನಿಗೆ ಫೋನ್ ಮಾಡಿದೆ. ಅವಳ ನೆನಪಿನಲ್ಲಿ ಪವಿತ್ರ ಅವ್ವನ ಕಾಲು ತಬ್ಬಿಕೊಂಡು ನಿಂತಿದ್ದಾಳೆ. "ಇವತ್ತಿಗೂ ಕಣ್ಣಿಗೆ ಕಟ್ಟಿದಂಗೈತೆ ಕಣೋ" ಅಂದಳು.

ಬಚ್ಚಲು, ಕಣ, ಅವ್ವನ ಕಾಲು, ಅಡುಗೆಮನೆ ಬಾಗಿಲು. ಒಂದೇ ಹುಡುಗಿ ನಾಲ್ಕು ಕಡೆ ನಿಂತು ಒಂದೇ ಮಾತು ಹೇಳಿದ್ದಾಳೆ. ನಾಲ್ವರೂ ಒಪ್ಪುವುದು ಬಸ್ಸನ್ನು ಮಾತ್ರ: ಹನ್ನೊಂದಕ್ಕೆ ಬಂದರು, ಮೂರಕ್ಕೆ ಹೋದರು.

ಯಾರೂ ಸುಳ್ಳು ಹೇಳುತ್ತಿಲ್ಲ ಅಂತಲೇ ನನ್ನ ನಂಬಿಕೆ. "ಬರ್ತೀಯೇನೇ ಮಂಗಳೂರಿಗೆ?" ಎಂದು ಅಕ್ಕ ಬಂದಾಗಲೆಲ್ಲ ಕೇಳುತ್ತಿದ್ದಳು, ಹುಡುಗಿ ಬರಲ್ಲ ಅನ್ನುತ್ತಿತ್ತು, ಎಲ್ಲರೂ ನಗುತ್ತಿದ್ದೆವು. ಯಾವುದೋ ಬೇರೆ ದಿನದ, ಬೇರೆ ಊರಿಗೆ ಬರಲ್ಲ ಅಂದ ಆ ಮಾತನ್ನು ನಾವು ನಾಲ್ವರೂ ನಾಲ್ಕು ಕಡೆಯಿಂದ ಹೊತ್ತು ತಂದು ಆ ದಿನದಲ್ಲಿ ಇಟ್ಟೆವೇ? ಇಡಬೇಕಾದ ಅಗತ್ಯ ಯಾರಿಗಿತ್ತು? ನಮಗೇ ಅಲ್ಲವೇ? ನೀವೇ ಹೇಳಿ, ಮನೆಯಲ್ಲಿ ದೊಡ್ಡವರ ಕೈಲಿ ಹೊರಲಾಗದ ತೀರ್ಮಾನ ಬಂದಾಗ ನಾವೆಲ್ಲ ಏನು ಮಾಡುತ್ತೇವೆ? "ಮಗೂನೇ ಹಂಗಂತು" ಅನ್ನುತ್ತೇವೆ. ಹಾಸ್ಟೆಲಿಗೆ ಸೇರಿಸುವಾಗ, ಸ್ಕೂಲು ಬಿಡಿಸುವಾಗ. ಮಗು ಎಲ್ಲಿ ಬಂದು ಇಲ್ಲ ಅನ್ನುತ್ತೆ? ಅದಕ್ಕೆ ಆಗ ಎಂಟು ವರ್ಷ. ಆಮೇಲೆ ನಾವು ಹೇಳಿದ್ದನ್ನೇ ನಂಬಿ ಬೆಳೆಯುತ್ತೆ.

ಹಿಂದಿರುಗುವಾಗ ದಾರಿಯಲ್ಲಿ ಪವಿತ್ರ ಓದಿದ ಸ್ಕೂಲು. ನಮ್ಮ ಮನೆಯಿಂದ ಮೂರು ಮೈಲಿ ಕೆಳಗೆ. ಮಕ್ಕಳು ಎಂಟು ಗಂಟೆಗೆ ಬುತ್ತಿ ಕಟ್ಟಿಕೊಂಡು ಹೊರಟರೆ ತಿರುಗಿ ಮನೆ ಸೇರುವುದು ಐದಕ್ಕೆ. ಸುಮ್ಮನೆ ಒಳಗೆ ಹೋದೆ. ಹಳೆ ಹಾಜರಿ ಪುಸ್ತಕ ನೋಡಬಹುದೇ ಅಂದೆ. ಹೆಡ್ ಮಿಸ್ಸು ನಕ್ಕರು. "ಟೀಸಿ ಕೇಳ್ಕೊಂಡು ಬರ್ತಾರೆ, ಮಾರ್ಕ್ಸ್ ಕಾರ್ಡ್ ಕೇಳ್ಕೊಂಡು ಬರ್ತಾರೆ. ಹಾಜರಿ ಕೇಳ್ಕೊಂಡು ಬಂದೋರು ನೀವೇ ಮೊದ್ಲು ಸರ್. ಇಲಿ ತಿಂದು ಉಳಿಸಿದ್ರೆ ನೋಡಿ." ಬೀರು ತೆಗೆದು ಕೊಟ್ಟರು.

ನಿಮ್ಮ ಮುಂದೆ ಮುಚ್ಚುಮರೆ ಏಕೆ? ಅವಳ ಹೆಸರಿನ ಮುಂದೆ ಆ ದಿನ, ಅರ್ಜಿಯಲ್ಲಿ ನಾನೇ ಬರೆದ ಆ ತಾರೀಖಿಗೆ, ಗೈರುಹಾಜರಿ ಇರಲಿ ಎಂದು ಆಸೆಪಡುತ್ತಿದ್ದೆ. ಗೈರಾಗಿದ್ದರೆ ಅವಳು ಮನೆಯಲ್ಲಿದ್ದಳು. ಮನೆಯಲ್ಲಿದ್ದರೆ ಕೇಳಿದ್ದೆವು. ಬಚ್ಚಲೋ ಕಣವೋ, ಎಲ್ಲೋ ಒಂದು ಕಡೆ ನಿಲ್ಲಿಸಿ ಕೇಳಿದ್ದೆವು. ಗೈರು ಇರದಿದ್ದರೆ? ಅಮ್ಮ ಹನ್ನೊಂದಕ್ಕೆ ಬಂದು ಮೂರಕ್ಕೆ ಹೋದದ್ದು ಆ ಹುಡುಗಿಗೆ ಗೊತ್ತಾದದ್ದು ಐದು ಗಂಟೆಗೆ, ಬುತ್ತಿ ಡಬ್ಬಿ ಕೆಳಗಿಡುವಾಗ.

ಕಂಡದ್ದನ್ನು ಮೊದಲು ಪವಿತ್ರಳಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು, "ಅಮ್ಮಂಗೆ ನಾನೇ ಹೇಳ್ತೀನಿ ಮಾವ, ಮೆತ್ತಗೆ. ನೀವು ಬೇಕಾದ್ರೆ ಬರ್ಕೊಳಿ, ಹೆಸರು ಮಾತ್ರ ಬದಲಾಯ್ಸಿ." ಬದಲಾಯಿಸಿದ್ದೇನೆ.

ಹಾಜರಿ ಪುಸ್ತಕವೂ ಸುಳ್ಳು ಹೇಳಬಲ್ಲದು, ನನಗೆ ಗೊತ್ತು. ಅದಕ್ಕೇ ಆ ಪುಟವನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಅದು ಕಾಫಿ ಕೊಯ್ಲಿನ ಸಮಯ. ಆ ಒಂದು ದಿನ ಆ ಕ್ಲಾಸಿನ ಏಳು ಮಕ್ಕಳು ಗೈರು. ಮೇಷ್ಟ್ರು ಕಣ್ಣು ಮುಚ್ಚಿ ಗೀಚಿದ್ದಲ್ಲ.

ಪವಿತ್ರಳದು ಬೆಳಗ್ಗೆ ಹಾಜರಿ, ಮಧ್ಯಾಹ್ನವೂ ಹಾಜರಿ.