ಎರಡು ಬಾವಿಯ ಊರು

ಕಂಟ್ರೋಲರ್ ಸಾರ್ ಅವರ ಬಲಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿತ್ತಂತೆ. ನಕಾಶೆಯ ಮೇಲೆ ಆ ಮೋಟು ಬೆರಳನ್ನು ಒತ್ತಿ, "ಈಗ ನೀವೆಲ್ಲ ಇಲ್ಲಿದ್ದೀರಿ" ಎಂದರೆ ಸಾಕು, ಎಲ್ಲೂ ಇಲ್ಲದ ಊರೊಂದರ ಒಳಗೆ ನಾವು ಹೊಕ್ಕುಬಿಡುತ್ತಿದ್ದೆವು.

ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಅದಕ್ಕೇ ನಮಗೆ ಕಂಟ್ರೋಲರ್ ಸಾರ್. ಮಗಳು ಮೈಸೂರಿನಲ್ಲಿ ಓದುವಾಗ ಕಲಿತು ಬಂದ ಆಟವೊಂದು ಅವರನ್ನು ಹಿಡಿದುಬಿಟ್ಟಿತ್ತು. ಮೇಜಿನ ಸುತ್ತ ಕೂತು ಆಡುವ ಕತೆಯ ಆಟ. ಒಬ್ಬರು ಒಂದು ಲೋಕ ಕಟ್ಟಿ ಹೇಳುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ಆ ಲೋಕದಲ್ಲಿ ತಾವೇನು ಮಾಡುತ್ತೇವೆಂದು ಹೇಳುತ್ತ ಹೋಗಬೇಕು. ಗೆದ್ದೆಯೋ ಸೋತೆಯೋ ದಾಳ ಹೇಳುತ್ತದೆ. ಮಗಳು ಮದುವೆಯಾಗಿ ಹೋದ ಮೇಲೆ ಸಾರ್‌ಗೆ ಆಡುವವರು ಬೇಕಾಗಿದ್ದರು. ನಾನು ಹುಣಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಹೆಂಡತಿಯ ಶುಗರ್ ತೋರಿಸಲು ಬಂದಾಗ ನನ್ನನ್ನೂ ಕರೆದರು. ಭಾನುವಾರ ಮಧ್ಯಾಹ್ನ ಅವರ ಮನೆಯ ಹಾಲಿನಲ್ಲಿ ನಾನು, ಭೇರ್ಯದ ಕಡೆಯ ಬ್ಯಾಂಕಿನ ಹುಡುಗ, ಕಂಪ್ಯೂಟರ್ ಕಲಿಸುವ ಒಬ್ಬ ಮೇಡಂ ಸೇರುತ್ತಿದ್ದೆವು.

ಅವರ ಲೋಕದಲ್ಲಿ ರಾಕ್ಷಸರಿದ್ದರು, ಮಾತಾಡುವ ಆನೆಗಳಿದ್ದವು. ಆದರೆ ಪ್ರತಿ ಊರಿಗೂ ಉಪ್ಪು ಎಲ್ಲಿಂದ ಬರುತ್ತದೆ, ಹೊಳೆ ತುಂಬಿದರೆ ಯಾವ ದಾರಿ ಕಟ್ಟಾಗುತ್ತದೆ ಎಂಬುದು ಅವರಿಗೆ ಗೊತ್ತಿರಲೇಬೇಕು. "ರಾಕ್ಷಸ ಅವ್ನೆ ಅಂದ್ರೆ ಜನ ನಂಬ್ತಾರೆ ಕಣಮ್ಮ. ಸಂತೆ ಇಲ್ಲದ ಊರು ಅಂದ್ರೆ ನಂಬಲ್ಲ" ಎನ್ನುತ್ತಿದ್ದರು.

ನನ್ನ ಪಾತ್ರ ಪಾಳೇಗಾರರ ಮನೆಯ ಮಗಳು, ಕತ್ತಿ ಹಿಡಿದವಳು. ಒಂದು ಭಾನುವಾರ ಅವರು, ನಿಮ್ಮ ನಿಮ್ಮ ಪಾತ್ರ ಹುಟ್ಟಿದ ಮನೆ ಹೇಗಿತ್ತು ಹೇಳಿ ಎಂದರು. ನಾನು ನಮ್ಮೂರ ಗೌಡರ ಮನೆಯನ್ನು ಹೇಳಿದೆ. ಎತ್ತರದ ಜಗುಲಿ, ಹೊಳೆಯುವ ಕಂಬಗಳು, ಹಿತ್ತಾಳೆಯ ಚಿಲಕ.

"ಅಡುಗೆಮನೆ ಯಾವ ಕಡೆ ಬತ್ತದೆ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಆ ಮನೆಯ ಅಂಗಳ ಗುಡಿಸುತ್ತಿದ್ದ ಅವ್ವನ ಹಿಂದೆ ನಿಂತು ನಾನು ನೋಡಿದ್ದು ಜಗುಲಿಯವರೆಗೆ ಮಾತ್ರ. ನಾವು ಊರಾಚೆಯ ಕೇರಿಯವರು. ಹುಣಸೂರಿನಲ್ಲಿ ಯಾರು ಕೇಳಿದರೂ "ಹಂಪಾಪುರದ ಹತ್ತಿರ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, "ಇರ್ಲಿ ಬುಡು, ಆಮೇಲೆ ಕಟ್ಟಾವ" ಎಂದು ಮುಂದಿನವರ ಕಡೆ ತಿರುಗಿದರು.

ಮುಂದಿನ ವಾರ ನಮ್ಮ ಪಾತ್ರಗಳು ಹೊಸ ಊರೊಂದಕ್ಕೆ ಬಂದವು. ನಕಾಶೆಯಲ್ಲಿ ಎರಡು ಬಾವಿ ಬರೆದಿದ್ದರು, ಒಂದು ಊರೊಳಗೆ ದೊಡ್ಡದು, ಇನ್ನೊಂದು ಆಚೆ.

"ಆಟದಲ್ಲೂ ಇದೆಲ್ಲ ಯಾಕೆ ಸಾರ್?" ಎಂದ ಬ್ಯಾಂಕಿನ ಹುಡುಗ.

"ನಾನು ಕಂಡ ಊರಲ್ಲೆಲ್ಲ ಎರಡಿದ್ವು ಕಣಪ್ಪ. ಒಂದೇ ಬರೆದ್ರೆ ಸುಳ್ಳಾಯ್ತದೆ." ಆಮೇಲೆ ನನ್ನನ್ನು ಕೇಳಿದರು, "ನಿಮ್ಮ ಜೊತೆಯವನಿಗೆ ಗಾಯ ಆಗಿದೆ, ನೀರು ಬೇಕು. ಯಾವ ಬಾವಿಗೆ ಹೋಗ್ತೀಯ?"

ಹುಡುಗ ನಕ್ಕ. "ಪಾಳೇಗಾರರ ಮಗಳು ಸಾರ್, ದೊಡ್ಡ ಬಾವಿಗೇ ಹೋಗ್ತಾರೆ."

ನಾನೂ ಹ್ಞೂಂ ಎಂದೆ. ಅವರು ಕತೆ ಮುಂದುವರಿಸಿದರು. ಆಚೆ ಬಾವಿ ಬತ್ತಿದೆ. ದೊಡ್ಡ ಬಾವಿಯಿಂದ ಸ್ವಲ್ಪ ದೂರದಲ್ಲಿ ಒಬ್ಬಳು ಹೆಂಗಸು ಖಾಲಿ ಕೊಡ ಕೆಳಗಿಟ್ಟು ನಿಂತಿದ್ದಾಳೆ. ಅವರು ಆ ಹೆಂಗಸಿನ ದನಿಯಲ್ಲಿ ಮೆಲ್ಲಗೆ, "ಅವ್ವಾ, ಒಂದು ಕೊಡ ನೀರು ಉಯ್ಯವ್ವಾ" ಎಂದರು.

ಅದು ನಮ್ಮವ್ವನ ದನಿ. ನಾನು ಅವಳ ಸೆರಗು ಹಿಡಿದು ನಿಂತಿದ್ದ ಜಾಗ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬ್ಯಾಗು ತೆಗೆದುಕೊಂಡು ಎದ್ದು ಬಂದುಬಿಟ್ಟೆ.

ಮಾರನೆಯ ದಿನ ಡ್ಯೂಟಿ ಮುಗಿಸಿ ಹೊರಬಂದರೆ ಆಸ್ಪತ್ರೆಯ ಗೇಟಿನಲ್ಲಿ ಸ್ಕೂಟರ್ ಪಕ್ಕ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಅಂಗಿ ಬೆವರಿನಲ್ಲಿ ನೆಂದಿತ್ತು.

"ನಮ್ಮವ್ವ ಆಚೆ ಬೀದಿಯೋರ ಬೊಗಸೆಗೆ ಮೇಲಿಂದ ನೀರು ಉಯ್ಯೋಳು ಕಣಮ್ಮ" ಎಂದರು. "ನಾನು ಪಕ್ಕದಲ್ಲಿ ನಿಂತು ನೋಡ್ತಿದ್ದೆ. ಒಂದಿನ ಒಬ್ಳು ತಂಬಿಗೆ ಎಲ್ಲಿ ತಾಗ್ತದೋ ಅಂತ ಕೈ ಎಳ್ಕಂಡ್ಲು, ನೀರು ಚೆಲ್ಲೋಯ್ತು. ನಾನು ನಕ್ಬುಟ್ಟೆ. ಅದು ಮನಸ್ಸಲ್ಲೇ ಉಳ್ಕಂಡಿತ್ತು, ಆಟದಲ್ಲಿ ತಂದೆ. ಕೇಳಬೇಕಾದೋರ್ನ ಕೇಳ್ದೆ ತಂದೆ. ನಂಗೆ ನಾಚಿಕೆ ಆಯ್ತದೆ."

"ನಂಗೂ ನಾಚಿಕೆ ಸಾರ್" ಎಂದೆ. "ಆ ಗೌಡರ ಮನೆ ಒಳಕ್ಕೆ ನಾನು ಯಾವತ್ತೂ ಹೋಗಿಲ್ಲ."

"ಗೊತ್ತಾಯ್ತು ಕಣಮ್ಮ." ಆಮೇಲೆ ಹೇಳಿದರು, "ಆ ಆಚೆ ಬೀದಿ ಹೆಂಗಿರ್ತದೆ ಅಂತ ನಂಗೆ ಗೊತ್ತಿಲ್ಲ. ನಕಾಶೆಲಿ ಖಾಲಿ ಬಿಟ್ಟಿವ್ನಿ. ಇಷ್ಟ ಇದ್ರೆ ನೀನು ಹೇಳು. ಇಲ್ದಿದ್ರೆ ಬುಡು, ಕತೆನ ಬೇರೆ ಊರಿಗೆ ಕರ್ಕಂಡು ಹೋಗ್ತೀನಿ."

ಆ ವಾರವೆಲ್ಲ ಹೋಗಬಾರದೆಂದೇ ಇದ್ದೆ. ಆದರೂ ಭಾನುವಾರ ಹೋದೆ. ಕಣ್ಣು ಮೇಜಿನ ಮೇಲಿಂದ ಎತ್ತದೆಯೇ ಹೇಳತೊಡಗಿದೆ. ಮಳೆ ಬಂದರೆ ಯಾರು ಮೊದಲು ಕಂಡರೋ ಅವರೇ ಎಲ್ಲರ ಸೌದೆಯನ್ನೂ ಒಳಗಿಡುತ್ತಿದ್ದ ಬೀದಿ ಅದು ಎಂದೆ. ಅಲ್ಲೊಬ್ಬಳು ಅಜ್ಜಿ ತನ್ನ ಕೋಳಿಗಳಿಗೆ ಊರ ಯಜಮಾನರ ಹೆಸರಿಟ್ಟು ದಿನಾ ಬೆಳಿಗ್ಗೆ ಬೈಯುತ್ತಿದ್ದಳು ಎಂದೆ. ಮೇಡಂ ಜೋರಾಗಿ ನಕ್ಕರು. ನಾನೂ ನಕ್ಕೆ. ಬ್ಯಾಂಕಿನ ಹುಡುಗ ಮಾತ್ರ ದಾಳವನ್ನು ಕೈಯಲ್ಲಿ ತಿರುಗಿಸುತ್ತ, "ನಮ್ಮೂರಲ್ಲೂ ಅದೆ ಅಂಥ ಬೀದಿ. ಒಂದ್ಸಲಾನೂ ಆ ಕಡೆ ಹೋಗಿಲ್ಲ ನಾನು" ಎಂದ. ಕಂಟ್ರೋಲರ್ ಸಾರ್ ನಾನು ಹೇಳಿದ್ದನ್ನೆಲ್ಲ ಮನೆಮನೆಯಾಗಿ ನಕಾಶೆಗೆ ಬರೆದುಕೊಳ್ಳುತ್ತಿದ್ದರು. ಆಮೇಲೆ ಬಹಳ ಕಾಲ ನಮ್ಮ ಕತೆ ಆ ಬೀದಿಯಲ್ಲೇ ನಡೆಯಿತು.

ನಾಚಿಕೆ ಹೋಯಿತೆಂದು ಹೇಳಲಾರೆ. ಅದು ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ.

ಕಳೆದ ಬೇಸಿಗೆಯಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಅವರ ಊರಿಂದ ನೆಂಟರೆಲ್ಲ ಬಂದಿದ್ದರು. ಬಾಗಿಲ ಬಳಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಪಕ್ಕದಲ್ಲಿ ನನಗೂ ಜಾಗ ಬಿಟ್ಟು, "ಯಾವೂರವ್ವ ನಿಂದು? ಯಾರ ಪೈಕಿ?" ಎಂದು ಕೇಳಿದರು.

ನಾಲಿಗೆ ಹಳೆಯ ಉತ್ತರದ ಕಡೆಗೇ ತಿರುಗುತ್ತಿತ್ತು. ಊರಿನ ಹೆಸರು ಹೇಳಿದೆ, ಕೇರಿಯ ಹೆಸರನ್ನೂ ಹೇಳಿದೆ. ಅವರು ದೂರ ಸರಿದು ಕೂತರೋ ಇಲ್ಲವೋ ನಾನು ನೋಡಲಿಲ್ಲ. ಅಷ್ಟನ್ನು ಹೇಳುವುದಕ್ಕೆ ನನಗೆ ಜಾಗ ಮಾಡಿಕೊಟ್ಟವರು ಎದುರಿಗೆ ಮಲಗಿದ್ದರು. ನಾನು ಅವರನ್ನೇ ನೋಡುತ್ತಿದ್ದೆ.